ನೀರಿಗೆ ತಕ್ಕ ಮೀನು: ವಿಜಯಪುರದ ಬೋರ್ ನೀರಿನಲ್ಲಿ ಸಿಕ್ಲಿಡ್ ಸಾಕಣೆ

ತೊಗರಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುವುದಿಲ್ಲ. ಸಾಬೂನು ತಿಕ್ಕಿದರೆ ನೊರೆ ಬರುವುದಿಲ್ಲ. ಗೀಸರಿನ ಕಾಯಿಲ್ ಮೇಲೆ ನಾಲ್ಕಾರು ತಿಂಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ವಿಜಯಪುರ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಬೋರ್ ನೀರು ಬಳಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ನೀರಿಗೆ ಅಂಗಡಿಯಿಂದ ತಂದ ಮೀನು ಬಿಟ್ಟು, ವಾರದೊಳಗೆ ಒಂದೊಂದಾಗಿ ಕಳೆದುಕೊಂಡು, ನಮ್ಮೂರ ನೀರು ಮೀನಿಗೆ ಆಗಿಬರುವುದಿಲ್ಲ ಎಂದು ಗಾಜಿನ ಟ್ಯಾಂಕನ್ನು ಅಟ್ಟಕ್ಕೆ ಏರಿಸಿದ ಮನೆಗಳು ಬಹಳ ಇವೆ. ತಪ್ಪು ನೀರಿನದಲ್ಲ. ಆ ನೀರಿಗೆ ಒಗ್ಗದ ಮೀನು ತಂದದ್ದು ಒಂದು ತಪ್ಪು, ಫಿಲ್ಟರ್ ಹದಕ್ಕೆ ಬರುವ ಮೊದಲೇ ಮೀನು ಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ಗಡಸು ನೀರನ್ನು ಮೆದು ಮಾಡಲು ಹೆಣಗುವುದಕ್ಕಿಂತ ಗಡಸು ನೀರಿನಲ್ಲೇ ಚೆನ್ನಾಗಿ ಬಾಳುವ ಮೀನು ಸಾಕುವುದು ಸುಲಭ, ಖರ್ಚೂ ಕಡಿಮೆ. ಆಫ್ರಿಕದ ಮಲಾವಿ ಮತ್ತು ಟ್ಯಾಂಗನಿಕಾ ಸರೋವರಗಳ ಸಿಕ್ಲಿಡ್‌ಗಳು, ಮಧ್ಯ ಅಮೆರಿಕದ ಕಾನ್ವಿಕ್ಟ್ ಸಿಕ್ಲಿಡ್ ಇವೆಲ್ಲ ಸಿಕ್ಲಿಡ್ ಎಂಬ ಒಂದೇ ಕುಟುಂಬದ, ಕ್ಷಾರದ ನೀರಿನ ಮೀನುಗಳು. ನಮ್ಮ ಬೋರ್ ನೀರಿನಲ್ಲಿ ಅವು ಬದುಕುವುದಷ್ಟೇ ಅಲ್ಲ, ತತ್ತಿಯಿಟ್ಟು ಮರಿಯನ್ನೂ ಮಾಡುತ್ತವೆ. ಆದರೆ ಇದೇ ನೀರಿಗೆ ಒಂದು ಅಪಾಯದ ಗುಣವೂ ಇದೆ. ಅದನ್ನು ತಿಳಿಯದೆ ಕೈಹಾಕಬಾರದು.

ಮೊದಲು ನೀರನ್ನು ಅಳೆಯಿರಿ

ಬೋರಿನಿಂದ ಆಗಷ್ಟೇ ಬಂದ ನೀರನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಆ ಕ್ಷಣಕ್ಕೆ ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ) 7.2 ತೋರಿಸಿದ ನೀರು ಗಾಳಿಯಾಡಿದ ಮೇಲೆ 8ರ ಮೇಲೆ ಹೋಗಬಹುದು. ಹಾಗಾಗಿ ಒಂದು ಡ್ರಮ್ಮಿನಲ್ಲಿ ನೀರು ತುಂಬಿಸಿ, ಗಾಳಿಯ ಗುಳ್ಳೆ ಎಬ್ಬಿಸುವ ಏರ್ ಸ್ಟೋನ್ ಬಿಟ್ಟು, 24 ಗಂಟೆ ಕಳೆದ ಮೇಲೆ ಅಳೆಯಿರಿ. ನೀರು ಬದಲಾಯಿಸುವಾಗಲೂ ಈ ಡ್ರಮ್ಮಿನ ನೀರನ್ನೇ ಬಳಸಿ, ಬೋರಿನ ಪೈಪನ್ನು ನೇರ ಟ್ಯಾಂಕಿಗೆ ಹಿಡಿಯಬೇಡಿ.

ಟಿಡಿಎಸ್ ಮೀಟರ್ ಅಗ್ಗಕ್ಕೆ ಸಿಗುತ್ತದೆಂದು ಅದೊಂದನ್ನೇ ನೆಚ್ಚಿಕೊಳ್ಳುವವರು ಹೆಚ್ಚು. ಅದು ನೀರಿನಲ್ಲಿ ಕರಗಿದ ಒಟ್ಟು ಲವಣ ಎಷ್ಟೆಂದು ಹೇಳುತ್ತದೆ, ಯಾವ ಲವಣವೆಂದು ಹೇಳುವುದಿಲ್ಲ. ಡೋಣಿ ನದಿಯ ನೀರು ಸವುಳು ಎಂಬುದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಸವುಳು ನೀರಿನಲ್ಲಿ ಸೋಡಿಯಂ ಲವಣವೇ ಹೆಚ್ಚಿರುತ್ತದೆ, ಸುಣ್ಣದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ. ಎರಡಕ್ಕೂ ಮೀಟರ್ 1000 ಎಂದೇ ತೋರಿಸಬಹುದು, ಮೀನಿಗೆ ಮಾತ್ರ ಎರಡೂ ಬೇರೆ ಬೇರೆ ನೀರು. ಅದಕ್ಕೆ ಜಿಎಚ್ ಮತ್ತು ಕೆಎಚ್ ಅಳೆಯುವ ಹನಿ ಕಿಟ್ ಬೇಕೇ ಬೇಕು. ಜಿಎಚ್ ಎಂದರೆ ನೀರಿನ ಗಡಸುತನ. ಕೆಎಚ್ ಎಂದರೆ ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟ್ ಬಲ. ಸಾಮಾನ್ಯ ಕಿಟ್‌ಗಳಲ್ಲಿ 5 ಮಿಲಿ ನೀರಿಗೆ ಬಣ್ಣ ತಿರುಗುವವರೆಗೆ ಹನಿ ಹಾಕುತ್ತಾ ಹೋಗಬೇಕು. ಒಂದು ಹನಿಗೆ ಒಂದು ಡಿಗ್ರಿ, ಒಂದು ಡಿಗ್ರಿಗೆ ಲೀಟರಿಗೆ ಸುಮಾರು 17.9 ಮಿಲಿಗ್ರಾಂ. ನಮ್ಮ ಕಡೆ ಹನಿ ಎಣಿಸಿ ಎಣಿಸಿ ಬಾಟಲಿಯೇ ಬರಿದಾಗುವ ಬೋರ್‌ಗಳೂ ಇವೆ. ಆಗ ಅರ್ಧ ಬೋರ್ ನೀರು, ಅರ್ಧ ಆರ್‌ಒ ನೀರು ಬೆರೆಸಿ ಅಳೆದು, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಸರಿಸುಮಾರು ಲೆಕ್ಕ ಸಿಗುತ್ತದೆ. ಹೋಲಿಸಿ ನೋಡಲು ಒಂದು ಅಳತೆ ಬೇಕೆಂದರೆ, ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಇಲ್ಲದಾಗ 600ರವರೆಗೆ ನಡೆಯುತ್ತದೆ.

ಮನೆಗೆ ವಾಟರ್ ಸಾಫ್ಟನರ್ ಹಾಕಿಸಿದ್ದರೆ ಅದರ ನೀರು ಅಕ್ವೇರಿಯಂಗೆ ಬೇಡ. ಉಪ್ಪು ತುಂಬಿಸುವ ಆ ಯಂತ್ರ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ನಳದ ಮೇಲೆ ಸುಣ್ಣ ಕಟ್ಟುವುದು ನಿಲ್ಲುತ್ತದೆ, ಟಿಡಿಎಸ್ ಮಾತ್ರ ಇಳಿಯುವುದಿಲ್ಲ. ಸಿಕ್ಲಿಡ್‌ಗೆ ಬೇಕಾದ ಸುಣ್ಣವೂ ಹೋಯಿತು, ಮೆದು ನೀರಿನ ಮೀನಿಗೆ ಬೇಕಾದ ಹಗುರ ನೀರೂ ಸಿಗಲಿಲ್ಲ. ಸಾಫ್ಟನರಿಗೆ ಹೋಗುವ ಮೊದಲಿನ ಪೈಪಿನಿಂದಲೇ ನೀರು ಹಿಡಿಯಿರಿ.

ಇನ್ನೊಂದು ಅಳತೆಯನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಬೋರ್ ನೀರಿನಲ್ಲೇ ಇರುವ ನೈಟ್ರೇಟ್ ಅದು. ಕಬ್ಬು, ದ್ರಾಕ್ಷಿಗೆ ಸುರಿದ ಗೊಬ್ಬರ, ಶೌಚದ ಗುಂಡಿ, ಕೊಟ್ಟಿಗೆಯ ತಿಪ್ಪೆ ಇವೆಲ್ಲದರಿಂದ ಅದು ನೆಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಸಿಕ್ಲಿಡ್ ಟ್ಯಾಂಕಿನಲ್ಲಿ 40ರೊಳಗೆ ಇರಬೇಕು, ಮರಿಗಳ ಟ್ಯಾಂಕಿನಲ್ಲಿ 20ರೊಳಗೆ. ಬೋರ್ ನೀರಿನಲ್ಲೇ 50 ಇದ್ದರೆ ವಾರಕ್ಕೆ ಎಷ್ಟು ಸಲ ನೀರು ಬದಲಿಸಿದರೂ ಅದು ಅದರ ಕೆಳಗೆ ಇಳಿಯುವುದಿಲ್ಲ. ಆಗ ಮಳೆ ನೀರನ್ನೋ ಆರ್‌ಒ ನೀರನ್ನೋ ಬೆರೆಸುವುದೇ ದಾರಿ. ನೈಟ್ರೇಟ್ ಕಿಟ್ಟಿನ ಎರಡನೇ ಬಾಟಲಿಯ ಪುಡಿ ತಳಕ್ಕೆ ಕೂತಿರುತ್ತದೆ. ಅದನ್ನು ಅರ್ಧ ನಿಮಿಷ ಜೋರಾಗಿ ಕುಲುಕದೆ ಹಾಕಿದರೆ ಎಂಥ ನೀರೂ ಶುದ್ಧವೆಂದು ತೋರುತ್ತದೆ.

ನಗರದ ನಳಕ್ಕೆ ಕೃಷ್ಣಾ ನದಿಯ ನೀರು ಬರುವ ಮನೆಗಳಲ್ಲಿ ಗಡಸುತನದ ತೊಂದರೆ ಕಡಿಮೆ, ಕ್ಲೋರಿನ್ ತೊಂದರೆ ಹೆಚ್ಚು. ಏರ್ ಸ್ಟೋನ್ ಬಿಟ್ಟು ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಹೈಪೋ, ಅಂದರೆ ಸೋಡಿಯಂ ಥಯೊಸಲ್ಫೇಟ್ ಬಳಸಿ. 10 ಗ್ರಾಂ ಹರಳನ್ನು 100 ಮಿಲಿ ನೀರಿನಲ್ಲಿ ಕರಗಿಸಿಟ್ಟುಕೊಂಡು, 10 ಲೀಟರ್ ನೀರಿಗೆ 1 ಮಿಲಿ ಹಾಕಿದರೆ ಸಾಕು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ನಳದ ನೀರಿನಲ್ಲಿ ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿದರೆ 2 ಮಿಲಿ.

ಯಾವ ಮೀನು

ಮಲಾವಿಯ ಹಳದಿ ಲ್ಯಾಬ್ ಮೊದಲ ಆಯ್ಕೆ. ಲ್ಯಾಬಿಡೋಕ್ರೋಮಿಸ್ ಸೆರುಲಿಯಸ್ ಅದರ ಶಾಸ್ತ್ರೀಯ ಹೆಸರು. ಮಲಾವಿಯ ಬಂಡೆಮೀನುಗಳಲ್ಲಿ ಇಷ್ಟು ಸಮಾಧಾನದ ಸ್ವಭಾವ ಇನ್ನೊಂದಕ್ಕೆ ಸಿಗುವುದು ಕಷ್ಟ. ಒಂದು ಮಾತು ಮಾತ್ರ ಗಮನದಲ್ಲಿರಲಿ: ಮಲಾವಿ ಸರೋವರದ ನೀರು ಕ್ಷಾರದ್ದು ಹೌದು, ಪಿಎಚ್ 7.7ರಿಂದ 8.6, ಆದರೆ ನಮ್ಮ ಬೋರ್ ನೀರಿನಷ್ಟು ಗಡಸಲ್ಲ, ಅಲ್ಲಿನ ಜಿಎಚ್ 4ರಿಂದ 6 ಡಿಗ್ರಿ ಅಷ್ಟೇ. ಸಾಕಿದ ಮೀನುಗಳು 15–20 ಡಿಗ್ರಿಯನ್ನೂ ಸಲೀಸಾಗಿ ತಾಳುತ್ತವೆ. ಟಿಡಿಎಸ್ 1000 ದಾಟಿದ್ದರೆ ಮಾತ್ರ ಮೂರರಲ್ಲಿ ಒಂದು ಪಾಲು ಮೆದು ನೀರು ಬೆರೆಸಿ. ಮಳೆ ನೀರು ಇದಕ್ಕೆ ಬಹಳ ಒಳ್ಳೆಯದು. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರು. ಮೊದಲ ಹತ್ತು ನಿಮಿಷದ ಧೂಳಿನ ನೀರನ್ನು ಹೊರಕ್ಕೆ ಬಿಟ್ಟು, ಆಮೇಲಿನದನ್ನು ಕಪ್ಪು ಟಾಕಿಯಲ್ಲಿ ಮುಚ್ಚಿಡಿ.

ಕಾನ್ವಿಕ್ಟ್ ಸಿಕ್ಲಿಡ್ ಹೊಸಬರ ಮೀನು, ಮರಿ ಮಾಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಮೆದು ನೀರಿನ ಸಿಕ್ಲಿಡ್‌ಗಳಾದ ಡಿಸ್ಕಸ್, ರಾಮ್ ಇವನ್ನು ನೇರ ಬೋರ್ ನೀರಿಗೆ ತರಬೇಡಿ. ಏಂಜೆಲ್ ಮೀನು ಈ ನೀರಿನಲ್ಲಿ ಬದುಕುತ್ತದೆ, ಆದರೆ ಬಹಳ ಗಡಸು ನೀರಿನಲ್ಲಿ ಅದರ ತತ್ತಿಗಳು ಸರಿಯಾಗಿ ಫಲಿಸದೆ ಬೆಳ್ಳಗಾಗಿ ಬೂಸ್ಟು ಹಿಡಿಯುತ್ತವೆ. ಏಂಜೆಲ್ ಮರಿಯೇ ಬೇಕೆಂದರೆ ಆ ಒಂದು ಟ್ಯಾಂಕಿಗೆ ಮಾತ್ರ ನೀರು ಬೆರೆಸಿಕೊಳ್ಳಿ. ಬೋರ್ ಟಿಡಿಎಸ್ 1000, ಆರ್‌ಒ 50 ಇದ್ದರೆ 20 ಲೀಟರ್ ಬೋರ್ ನೀರಿಗೆ 80 ಲೀಟರ್ ಆರ್‌ಒ ಬೆರೆಸಿದಾಗ 240 ಬರುತ್ತದೆ. ಅಷ್ಟಾದರೆ ಕೆಲಸ ನಡೆಯುತ್ತದೆ.

ಗಡಸು ನೀರಿನ ಅಪಾಯ

ಮೀನಿನ ಉಸಿರಾಟದಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ನೀರಿನಲ್ಲಿ ಅದು ಎರಡು ರೂಪದಲ್ಲಿ ಇರುತ್ತದೆ: ಹೆಚ್ಚು ತೊಂದರೆ ಕೊಡದ ಅಮೋನಿಯಂ, ಕಿವಿರು ಸುಡುವ ಅಮೋನಿಯ. ಕಿಟ್ ಎರಡನ್ನೂ ಸೇರಿಸಿಯೇ ತೋರಿಸುತ್ತದೆ. ಎಷ್ಟು ಪಾಲು ವಿಷ ಎಂಬುದನ್ನು ನಿರ್ಧರಿಸುವುದು ಪಿಎಚ್ ಮತ್ತು ಬಿಸಿ. 25 ಡಿಗ್ರಿ ಬಿಸಿಯಲ್ಲಿ, ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ 0.5ರಷ್ಟು ಮಾತ್ರ. ಪಿಎಚ್ 8ಕ್ಕೆ ಅದು ನೂರಕ್ಕೆ 5. ನಮ್ಮ ಬೇಸಿಗೆಯ 30 ಡಿಗ್ರಿ ನೀರು, ಪಿಎಚ್ 8.5 ಇದ್ದರೆ ನೂರಕ್ಕೆ 20. ಮೆದು ನೀರಿನಲ್ಲಿ ನಿಭಾಯಿಸಬಹುದಾದ ಅದೇ ಅಮೋನಿಯ ಇಲ್ಲಿ ನಲವತ್ತು ಪಟ್ಟು ವಿಷ. ಇಂದು ಟ್ಯಾಂಕ್ ತಂದು ಇಂದೇ ಮೀನು ಬಿಟ್ಟವರ ಮೀನು ಬೇರೆ ಊರುಗಳಿಗಿಂತ ಇಲ್ಲಿ ಬೇಗ ಸಾಯುವುದು ಇದಕ್ಕೇ.

ಅಮೋನಿಯವನ್ನು ನೈಟ್ರೈಟ್ ಆಗಿಸುವ ಒಂದು ಬಗೆಯ ಬ್ಯಾಕ್ಟೀರಿಯ, ನೈಟ್ರೈಟನ್ನು ನೈಟ್ರೇಟ್ ಆಗಿಸುವ ಇನ್ನೊಂದು ಬಗೆ. ಇವು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಆರೋಗ್ಯವಂತ ಟ್ಯಾಂಕಿನ ಹಳೆಯ ಸ್ಪಂಜನ್ನು ಹಿಂಡಿದ ಕೊಳೆನೀರು ಹಾಕಿದರೆ ಅರ್ಧದಷ್ಟು ದಿನ ಉಳಿಯುತ್ತದೆ. ಬ್ಯಾಕ್ಟೀರಿಯಕ್ಕೆ ಆಹಾರ ಬೇಕಲ್ಲ, ಅದಕ್ಕೆ ಮೀನನ್ನು ಬಲಿ ಕೊಡಬೇಕಾಗಿಲ್ಲ. ತಾಮ್ರ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೇ ಅಮೋನಿಯಂ ಕ್ಲೋರೈಡ್. ಕಲಾಯಿಯದರಲ್ಲಿ ಕಲಬೆರಕೆ ಇರಬಹುದು, ಪ್ರಯೋಗಾಲಯದ ಸಾಮಾನು ಮಾರುವವರಲ್ಲಿ ಶುದ್ಧವಾದದ್ದು ಕೊಳ್ಳಿ. 100 ಲೀಟರಿಗೆ 0.6 ಗ್ರಾಂ ಹಾಕಿದರೆ ಅಮೋನಿಯ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಅದು ಸೊನ್ನೆಗೆ ಇಳಿದಾಗಲೆಲ್ಲ ಮತ್ತೆ ಅಷ್ಟೇ ಹಾಕಿ. ಒಂದು ದಿನ ನವಸಾಗರ ಹಾಕಿ 24 ಗಂಟೆ ಬಿಟ್ಟು ನೋಡಿದರೆ ಅಮೋನಿಯವೂ ಸೊನ್ನೆ, ನೈಟ್ರೈಟೂ ಸೊನ್ನೆ ಇರುತ್ತದೆ. ಅಂದಿಗೆ ಫಿಲ್ಟರ್ ಸಿದ್ಧ. ಮುಕ್ಕಾಲು ಪಾಲು ನೀರು ಬದಲಿಸಿ, ಮರುದಿನ ಮೀನು ಬಿಡಿ. ಈ ಕೆಲಸದಲ್ಲಿ ನಮ್ಮ ನೀರು ನಮ್ಮ ಕಡೆಗೇ ಇದೆ. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕವನ್ನು ಅರಗಿಸಲು ಬ್ಯಾಕ್ಟೀರಿಯ ಏಳು ಮಿಲಿಗ್ರಾಮಿನಷ್ಟು ಕ್ಷಾರ ಬಳಸುತ್ತದೆ, ಬೋರ್ ನೀರಿನಲ್ಲಿ ಆ ದಾಸ್ತಾನು ಧಾರಾಳ.

ಬರೀ ಕ್ಯಾನಿನ ಆರ್‌ಒ ನೀರು ತುಂಬಿಸಿದ ಟ್ಯಾಂಕಿನಲ್ಲಿ ಆ ದಾಸ್ತಾನು ಇರುವುದಿಲ್ಲ. ಕೆಲವು ತಿಂಗಳಲ್ಲಿ ಕೆಎಚ್ ಮುಗಿದು ಪಿಎಚ್ 6.5ಕ್ಕೆ, 6ಕ್ಕೆ ಕುಸಿಯುತ್ತದೆ, ಬ್ಯಾಕ್ಟೀರಿಯ ಕೆಲಸ ನಿಲ್ಲಿಸುತ್ತದೆ, ಅಮೋನಿಯ ಸದ್ದಿಲ್ಲದೆ ಕೂಡುತ್ತದೆ. ಪಿಎಚ್ ತಗ್ಗಿರುವುದರಿಂದ ಮೀನು ಹೇಗೋ ಉಸಿರು ಹಿಡಿದಿರುತ್ತದೆ. ಒಂದು ಭಾನುವಾರ ಮನೆಯವರು ಟ್ಯಾಂಕ್ ಗಲೀಜಾಗಿದೆ ಎಂದು ಅರ್ಧ ನೀರು ಚೆಲ್ಲಿ ಬೋರ್ ನೀರು ತುಂಬುತ್ತಾರೆ. ಪಿಎಚ್ ಒಮ್ಮೆಲೇ 8ಕ್ಕೆ ಏರುತ್ತದೆ, ಕೂಡಿಟ್ಟ ಅಮೋನಿಯಂ ವಿಷವಾಗುತ್ತದೆ, ಸಂಜೆಯೊಳಗೆ ಮೀನೆಲ್ಲ ಮೇಲೆ. ದೂರು ಬರುವುದು ಬೋರ್ ನೀರಿನ ಮೇಲೆ. ಇಂಥ ಟ್ಯಾಂಕ್ ಕಂಡರೆ ಮೊದಲು ಅಮೋನಿಯ ಅಳೆಯಿರಿ. ಇದ್ದರೆ ಅದೇ ಪಿಎಚ್ ಇರುವ ಆರ್‌ಒ ನೀರಿನಿಂದಲೇ ಅದನ್ನು ಇಳಿಸಿ, ಆಮೇಲೆ ದಿನಕ್ಕೆ ನೂರಕ್ಕೆ 5ರಷ್ಟೇ ಬೋರ್ ನೀರು ಬೆರೆಸುತ್ತಾ ಬನ್ನಿ.

ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ. ನೀರು ಬದಲಿಸುವಾಗ ತೆಗೆದ ಟ್ಯಾಂಕಿನ ನೀರಿನಲ್ಲೇ ಎರಡು ಸಲ ಹಿಂಡಿ ಹಾಕಿ.

ಟ್ಯಾಂಕು, ಕಲ್ಲು, ಮರಳು

ಹಳದಿ ಲ್ಯಾಬ್ ಗುಂಪಿಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಬೇಕು. ಲೆಕ್ಕಕ್ಕೆ 255 ಲೀಟರ್, ಕಲ್ಲು ಮರಳು ಕಳೆದು ನಿಲ್ಲುವ ನೀರು 200ರ ಆಸುಪಾಸು. ಗಂಟೆಗೆ 1200–1500 ಲೀಟರ್ ತಿರುಗಿಸುವ ಫಿಲ್ಟರ್ ಒಂದು, ಅದರ ಜೊತೆ ಏರ್ ಪಂಪಿಗೆ ಕಟ್ಟಿದ ದೊಡ್ಡ ಸ್ಪಂಜ್ ಫಿಲ್ಟರ್ ಎರಡು. ಸ್ಪಂಜ್ ಎರಡು ಏಕೆಂದರೆ ಒಂದನ್ನು ಮುಂದೆ ಮರಿಗಳ ಟ್ಯಾಂಕಿಗೆ ಎತ್ತಿಕೊಂಡು ಹೋಗಬೇಕಾಗುತ್ತದೆ.

ಕಲ್ಲಿಗೆ ಅಕ್ವೇರಿಯಂ ಅಂಗಡಿಯ ದಾರಿ ಹಿಡಿಯಬೇಕಾಗಿಲ್ಲ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಈ ಮೀನುಗಳಿಗೆ ಅಡ್ಡಿಯಿಲ್ಲ. ಒಡೆದ ತುಂಡುಗಳನ್ನು ಚೂಪು ಅಂಚು ಉಜ್ಜಿ ಒಂದರ ಮೇಲೊಂದು ಒರಗಿಸಿದರೆ ಒಳ್ಳೆಯ ಗುಹೆ. ಈಗಾಗಲೇ ಅತಿ ಗಡಸು ನೀರಿದ್ದರೆ ಇನ್ನಷ್ಟು ಸುಣ್ಣ ಬೇಡ, ಹೊಲದ ಕರಿಕಲ್ಲು ಇಲ್ಲವೇ ಇಳಕಲ್ಲಿನ ಕೆಂಪು ಗ್ರಾನೈಟ್ ತುಂಡು ಹಾಕಿ. ಅವು ನೀರಿಗೆ ಏನನ್ನೂ ಬಿಡುವುದಿಲ್ಲ. ಸುಣ್ಣದ ಕಲ್ಲೋ ಅಲ್ಲವೋ ತಿಳಿಯದಿದ್ದರೆ ಕಲ್ಲನ್ನು ಸ್ವಲ್ಪ ಕೆರೆದು ಪುಡಿ ಎಬ್ಬಿಸಿ, ಅದರ ಮೇಲೆ ಇಂಡಿಯ ನಿಂಬೆಹಣ್ಣು ಹಿಂಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣ. ಕಲ್ಲನ್ನು ಮೊದಲು ಗಾಜಿನ ಮೇಲೆ, ಕೆಳಗೆ ತೆಳು ಥರ್ಮಕೋಲ್ ಇಟ್ಟು ಕೂರಿಸಿ, ಆಮೇಲೆ ಮರಳು ಸುರಿಯಿರಿ. ಮರಳಿನ ಮೇಲೆ ಕಲ್ಲಿಟ್ಟರೆ ಈ ಮೀನುಗಳು ಬುಡ ಅಗೆದು ಬೀಳಿಸುತ್ತವೆ, ಗಾಜು ಒಡೆಯುತ್ತದೆ.

ಬೇಸಿಗೆ

ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟಿದಾಗ ಟ್ಯಾಂಕಿನ ನೀರು 32–33 ಡಿಗ್ರಿಗೆ ಏರುತ್ತದೆ. ಮಲಾವಿ ಮೀನಿಗೆ 24–27 ಹಿತ, 30 ದಾಟಿದರೆ ಉಸಿರಾಟ ಜೋರಾಗುತ್ತದೆ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಮೀನಿಗೆ ಮಾತ್ರ ಆಗಲೇ ಹೆಚ್ಚು ಬೇಕು. ನಮ್ಮ ಬೇಸಿಗೆಯ ಗಾಳಿ ಒಣಗಾಳಿ, ಅದೇ ಉಪಾಯ. ಗಾಜಿನ ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಓರೆಯಾಗಿ ಸಣ್ಣ ಟೇಬಲ್ ಫ್ಯಾನ್ ಹಿಡಿಯಿರಿ. ನೀರು ಆವಿಯಾಗುತ್ತಾ 2ರಿಂದ 4 ಡಿಗ್ರಿ ಇಳಿಯುತ್ತದೆ. ಐಸ್ ಬಾಟಲಿ ಬಿಡುವುದಾದರೆ ಒಂದು ಗಂಟೆಯಲ್ಲಿ 2 ಡಿಗ್ರಿಗಿಂತ ಹೆಚ್ಚು ಇಳಿಸಬೇಡಿ.

ಫ್ಯಾನಿನಿಂದ ದಿನಕ್ಕೆ 3 ಲೀಟರ್ ನೀರು ಆರಿಹೋಗಬಹುದು. ಇಲ್ಲೇ ಬಹಳ ಜನ ಎಡವುವುದು. ಆರುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ, ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬತ್ತಿದಂತೆ. ಟಿಡಿಎಸ್ 800ರ ಬೋರ್ ನೀರನ್ನು ದಿನಕ್ಕೆ 3 ಲೀಟರ್ ಸೇರಿಸುತ್ತಾ ಹೋದರೆ ದಿನಕ್ಕೆ 2.4 ಗ್ರಾಂ ಲವಣ ಕೂಡುತ್ತದೆ. ಒಂದು ತಿಂಗಳಿಗೆ 72 ಗ್ರಾಂ. 200 ಲೀಟರ್ ಟ್ಯಾಂಕಿನಲ್ಲಿ ಅದು 360 ಏರಿಕೆ, ಅಂದರೆ 800ರ ನೀರು 1160. ಆರಿದ ನೀರನ್ನು ತುಂಬಲು ಆರ್‌ಒ ಇಲ್ಲವೇ ಮಳೆ ನೀರನ್ನೇ ಬಳಸಿ. ವಾರಕ್ಕೊಮ್ಮೆ ಮೂರನೇ ಒಂದು ಪಾಲು ಹಳೆಯ ನೀರು ತೆಗೆದು ಹೊಸದು ಹಾಕುವಾಗ ಮಾತ್ರ ಬೋರ್ ನೀರು. ಗಾಜಿನ ಮೇಲೆ ನೀರಿನ ಗೆರೆಯುದ್ದಕ್ಕೂ ಬಿಳಿ ಕರೆ ದಪ್ಪವಾಗುತ್ತಿದೆ ಎಂದರೆ ಈ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ಜೀವ ಉಳಿಸುತ್ತದೆ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ನಾಲ್ಕೈದು ಗಂಟೆ ನಿಂತಿದ್ದರೆ ಒಳಗೆ ನೀರು ಕೊಳೆತಿರುತ್ತದೆ. ಹಾಗೆಯೇ ಚಾಲೂ ಮಾಡದೆ, ಬಿಚ್ಚಿ ಆ ನೀರು ಚೆಲ್ಲಿ ಆಮೇಲೆ ಹಚ್ಚಿ. ಚಳಿಗಾಲದ ರಾತ್ರಿಗೆ ಲೀಟರಿಗೆ ಒಂದು ವ್ಯಾಟಿನಂತೆ ಹೀಟರ್ ಸಾಕು.

ಹಳದಿ ಲ್ಯಾಬ್ ಮರಿ ಮಾಡುವುದು

ಗಂಡು ಹೆಣ್ಣು ಆರಿಸಿ ಕೊಳ್ಳಲು ಹೋಗಬೇಡಿ. ಎಳೆಯ ಮೀನಿನಲ್ಲಿ ಗುರುತು ಸಿಗುವುದಿಲ್ಲ. ಎರಡು ಬೇರೆ ಬೇರೆ ಕಡೆಯಿಂದ ನಾಲ್ಕು ನಾಲ್ಕರಂತೆ ಎಂಟು ಮರಿ ತಂದು ಒಟ್ಟಿಗೆ ಬೆಳೆಸಿ. ಹತ್ತು ತಿಂಗಳಿಂದ ಒಂದು ವರ್ಷದೊಳಗೆ ಹೊಟ್ಟೆಯ ಕೆಳಗಿನ ರೆಕ್ಕೆಗಳು ಕಡುಗಪ್ಪಾಗಿ, ಮೈ ದೊಡ್ಡದಾಗಿ ಒಂದು ಮೀನು ಯಜಮಾನಿಕೆ ಹಿಡಿಯುತ್ತದೆ, ಅದು ಸಾಮಾನ್ಯವಾಗಿ ಗಂಡು. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಸರಿಯಾದ ಲೆಕ್ಕ. ಕೆಂಪು ಜೀಬ್ರಾ ಮೀನನ್ನು ಇದೇ ಟ್ಯಾಂಕಿಗೆ ಬಿಡಬೇಡಿ. ಎರಡೂ ಸುಲಭವಾಗಿ ಬೆರಕೆಯಾಗುತ್ತವೆ, ಹುಟ್ಟಿದ ಮರಿ ಇತ್ತ ಲ್ಯಾಬೂ ಅಲ್ಲ ಅತ್ತ ಜೀಬ್ರಾವೂ ಅಲ್ಲ. ಅಂಥ ಮರಿಗಳನ್ನು ಹಳದಿ ಲ್ಯಾಬ್ ಎಂದು ಕೊಟ್ಟರೆ ಕೊಂಡವರ ತಳಿಯೂ ಕೆಡುತ್ತದೆ.

ತತ್ತಿಯಿಡುವ ದಿನ ಗಂಡು ಒಂದು ಚಪ್ಪಟೆ ಕಲ್ಲಿನ ಮೇಲೆ ಮೈ ಅದುರಿಸುತ್ತಾ ಹೆಣ್ಣನ್ನು ಕರೆಯುತ್ತದೆ. ಎರಡೂ ಒಂದರ ಬಾಲದ ಬಳಿ ಇನ್ನೊಂದರ ಮೂತಿ ಇಟ್ಟು ಸುತ್ತುತ್ತವೆ. ಹೆಣ್ಣು ಒಂದೆರಡು ತತ್ತಿ ಇಟ್ಟು ತಕ್ಷಣ ಹಿಂತಿರುಗಿ ಬಾಯಿಗೆ ಎತ್ತಿಕೊಳ್ಳುತ್ತದೆ. ತತ್ತಿ ಜೋಳದ ಕಾಳಿಗಿಂತ ತುಸು ಸಣ್ಣದು, ಹಳದಿ. ಗಂಡಿನ ಕೆಳರೆಕ್ಕೆಯ ಮೇಲೆ ತತ್ತಿಯಂಥದೇ ಚುಕ್ಕೆ ಇರುತ್ತದೆ. ಅದನ್ನೂ ಎತ್ತಿಕೊಳ್ಳಲು ಹೆಣ್ಣು ಬಾಯಿ ಹಾಕಿದಾಗ ಗಂಡಿನ ವೀರ್ಯ ಬಾಯೊಳಗೆ ಹೋಗಿ ತತ್ತಿ ಫಲಿಸುತ್ತದೆ. ಎಲ್ಲ ಮುಗಿದ ಮೇಲೆ ಹೆಣ್ಣಿನ ಗದ್ದ ಕೆಳಗೆ ಉಬ್ಬಿ ನಿಲ್ಲುತ್ತದೆ, ಬಾಯಿ ಪೂರ್ತಿ ಮುಚ್ಚುವುದಿಲ್ಲ, ಆಗಾಗ ಕಡಬು ಜಗಿದಂತೆ ಬಾಯಾಡಿಸುತ್ತದೆ, ಆಹಾರ ಹಾಕಿದರೂ ಹತ್ತಿರ ಬರುವುದಿಲ್ಲ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ, ಮುಂದಿನ ಕೆಲಸವೆಲ್ಲ ಆ ತಾರೀಖಿನಿಂದಲೇ ಎಣಿಕೆ.

ಮೊದಲ ಸಲದ ತಾಯಿ ನಾಲ್ಕೈದು ದಿನಕ್ಕೆ ತತ್ತಿ ನುಂಗಿಬಿಟ್ಟರೆ ಚಿಂತೆ ಬೇಡ, ಮೂರನೇ ಸಲಕ್ಕೆ ಸರಿಹೋಗುತ್ತದೆ. ಮೊದಲ ಹತ್ತು ದಿನ ಬಲೆ ತೋರಿಸಲೂ ಬೇಡಿ, ಗಾಬರಿಗೆ ಉಗುಳುತ್ತದೆ.

26 ಡಿಗ್ರಿಯಲ್ಲಿ ಮೂರು ವಾರದಿಂದ ನಾಲ್ಕು ವಾರದೊಳಗೆ ತಾಯಿ ಮರಿಗಳನ್ನು ಬಿಡುತ್ತದೆ. ದೊಡ್ಡ ಟ್ಯಾಂಕಿನಲ್ಲೇ ಬಿಟ್ಟರೆ ಉಳಿದ ಮೀನು ತಿಂದು ಮುಗಿಸುತ್ತವೆ. ದಾರಿ ಎರಡು. 16–18ನೇ ದಿನ ತಾಯಿಯನ್ನೇ 2 ಅಡಿ ಟ್ಯಾಂಕಿಗೆ ಸಾಗಿಸಿ, ಮರಿ ಬಿಟ್ಟ ಮೇಲೆ ನಾಲ್ಕು ದಿನ ಹೊಟ್ಟೆ ತುಂಬ ಉಣಿಸಿ ವಾಪಸು ಬಿಡುವುದು ಒಂದು. ತಾಯಿಗೆ ವಿಶ್ರಾಂತಿ ಸಿಗುವುದರಿಂದ ಇದೇ ಮೇಲು. ಬಾಯಿಂದ ಮರಿ ಬಿಡಿಸಿಕೊಳ್ಳುವುದು ಇನ್ನೊಂದು, 18ನೇ ದಿನಕ್ಕಿಂತ ಮೊದಲು ಮಾಡಬಾರದು, ಆಗ ಮರಿಯ ಹೊಟ್ಟೆಗೆ ಹಳದಿ ಲೋಳೆಯ ಚೀಲ ಇನ್ನೂ ದೊಡ್ಡದಾಗಿ ಅಂಟಿರುತ್ತದೆ.

ಬಿಡಿಸುವುದಾದರೆ ಹೀಗೆ. ರಾತ್ರಿ ಲೈಟ್ ಆರಿಸಿ ಒಂದು ಗಂಟೆಯಾದ ಮೇಲೆ ಸಣ್ಣ ಟಾರ್ಚ್ ಹಿಡಿದು ಎರಡು ಬಲೆಯಲ್ಲಿ ತಾಯಿಯನ್ನು ಹಿಡಿಯಿರಿ. ಅಗಲ ಬುಟ್ಟಿಯಲ್ಲಿ ಅದೇ ಟ್ಯಾಂಕಿನ ನೀರು ನಾಲ್ಕು ಬೆರಳು ಆಳ ಇರಲಿ. ಕೈ ಒದ್ದೆ ಮಾಡಿಕೊಂಡು, ಮೀನನ್ನು ಅಂಗೈಯಲ್ಲಿ ಸಡಿಲವಾಗಿ ಹಿಡಿದು, ತಲೆ ಕೆಳಮುಖವಾಗಿ ಬಾಯಿ ನೀರಿನೊಳಗೆ ಇರುವಂತೆ ಬಗ್ಗಿಸಿ. ಹತ್ತಿ ಸುತ್ತದ, ತುದಿ ಮೊಂಡಾದ ಪ್ಲಾಸ್ಟಿಕ್ ಕಡ್ಡಿಯಿಂದ ಕೆಳದವಡೆಯನ್ನು ಹಗುರಾಗಿ ಕೆಳಗೆ ಒತ್ತಿದರೆ ಮರಿಗಳು ಒಂದೊಂದಾಗಿ ಜಾರುತ್ತವೆ. ಹತ್ತು ಸೆಕೆಂಡ್ ಹಿಡಿದರೆ ನೀರಿಗೆ ಬಿಟ್ಟು ಉಸಿರಾಡಲು ಬಿಡಿ, ಮತ್ತೆ ಹಿಡಿಯಿರಿ. ಹತ್ತರಿಂದ ಇಪ್ಪತ್ತೈದು ಮರಿ ಬರುತ್ತವೆ. ಬಲವಂತ ಮಾಡಿದರೆ ದವಡೆ ಸಿಗಿದು ತಾಯಿಯೇ ಹೋಗುತ್ತದೆ. ಧೈರ್ಯ ಸಾಲದಿದ್ದರೆ ಮೊದಲ ದಾರಿಯನ್ನೇ ಹಿಡಿಯಿರಿ.

ಕಾನ್ವಿಕ್ಟ್ ಜೋಡಿಗೆ ಇಷ್ಟೆಲ್ಲ ಇಲ್ಲ. ಕುಂಬಾರರಿಂದ ಹೊಸ ಗಡಿಗೆ ತಂದು, ಎರಡು ದಿನ ನೀರಲ್ಲಿ ನೆನೆಸಿ, ಬಾಯಿ ಗೋಡೆಯ ಕಡೆಗೆ ಮಾಡಿ ಮಲಗಿಸಿ. ಎಣ್ಣೆ, ಉಪ್ಪಿನಕಾಯಿ ಕಂಡ ಗಡಿಗೆ ಬೇಡ. ಒಳಗೋಡೆಗೆ ಅಂಟಿಸಿದ ತತ್ತಿ ಮೂರು ದಿನಕ್ಕೆ ಒಡೆಯುತ್ತವೆ, ಇನ್ನು ನಾಲ್ಕೈದು ದಿನಕ್ಕೆ ಮರಿಗಳು ಮೋಡದಂತೆ ಗುಂಪಾಗಿ ಈಜುತ್ತವೆ, ತಂದೆ ತಾಯಿ ಎರಡೂ ಕಾವಲು. ಬೂಸ್ಟು ಹಿಡಿದೀತೆಂದು ಮಿಥಿಲೀನ್ ಬ್ಲೂ ಹಾಕುವುದಿದ್ದರೆ ತತ್ತಿಯನ್ನು ಬೇರೆ ಪಾತ್ರೆಗೆ ಸಾಗಿಸಿ ಹಾಕಿ. ಅದು ಫಿಲ್ಟರಿನ ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆ.

ಮರಿಗಳ ಆಹಾರ, ಮರಿಗಳ ನೀರು

ಹಳದಿ ಲ್ಯಾಬ್ ಮರಿ ಹುಟ್ಟುವಾಗಲೇ ಒಂದು ಸೆಂಟಿಮೀಟರ್ ಹತ್ತಿರ ಇರುತ್ತದೆ, ಪುಡಿ ಮಾಡಿದ ಫ್ಲೇಕ್ ಮೊದಲ ದಿನದಿಂದಲೇ ತಿನ್ನುತ್ತದೆ. ಆದರೂ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಜೀವಿಯಷ್ಟು ಮರಿಯ ಬೆಳವಣಿಗೆಗೆ ಒದಗುವ ಆಹಾರ ಬೇರೊಂದಿಲ್ಲ. ತಲೆಕೆಳಗಾಗಿ ಕತ್ತರಿಸಿ ನಿಲ್ಲಿಸಿದ 2 ಲೀಟರ್ ಬಾಟಲಿಗೆ 1 ಲೀಟರ್ ಬೋರ್ ನೀರು, 25 ಗ್ರಾಂ ಅಯೋಡಿನ್ ಇಲ್ಲದ ಹರಳುಪ್ಪು, ಒಂದು ಗ್ರಾಂ ಆರ್ಟೀಮಿಯಾ ತತ್ತಿ ಹಾಕಿ. ತಳದವರೆಗೆ ಏರ್ ಪೈಪ್ ಇಳಿಸಿ ಜೋರಾಗಿ ಕುದಿಯುವಂತೆ ಗಾಳಿ ಬಿಡಿ, ಮೇಲೊಂದು ಬಲ್ಬ್ ಉರಿಯಲಿ. 28 ಡಿಗ್ರಿಯಲ್ಲಿ 24 ಗಂಟೆಗೆ ಕಿತ್ತಳೆ ಬಣ್ಣದ ಹುಳು ಸಿದ್ಧ. ಆರ್ಟೀಮಿಯಾ ಒಡೆಯಲು ಪಿಎಚ್ 8ರ ಮೇಲೆ ಬೇಕು. ಮೆದು ನೀರಿನ ಊರಿನವರು ಅದಕ್ಕೆ ಅಡುಗೆ ಸೋಡಾ ಹಾಕುತ್ತಾರೆ, ನಮಗೆ ಬೋರ್ ನೀರೇ ಸಾಕು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪು ತೇಲುತ್ತದೆ, ಹುಳು ತಳಕ್ಕೆ ಇಳಿಯುತ್ತದೆ. ತಳದಿಂದ ಪೈಪಿನಲ್ಲಿ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡಿ.

ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ದಿನಾ ಸಂಜೆ ಏರ್ ಪೈಪಿನಿಂದ ತಳದ ಕೊಳೆ ಎಳೆದು ನೂರಕ್ಕೆ 10–20ರಷ್ಟು ನೀರು ಬದಲಿಸಿ. ದೊಡ್ಡ ಮೀನಿಗೆ ಮಾತ್ರ ಇಷ್ಟು ಧಾರಾಳ ಬೇಡ. ಬಂಡೆಯ ಪಾಚಿ ಕೆರೆದು ತಿನ್ನುವ ಮಲಾವಿ ಜಾತಿಗಳ ಕರುಳು ಉದ್ದ, ಅವಕ್ಕೆ ಮಾಂಸದ ಆಹಾರ ಹೆಚ್ಚಾದರೆ ಹೊಟ್ಟೆಯುಬ್ಬರ ಬರುತ್ತದೆ. ಊಟ ಬಿಡುವುದು, ಬಿಳಿ ದಾರದಂಥ ಹಿಕ್ಕೆ ಮೊದಲ ಗುರುತು. ಮೀನನ್ನು ಬೇರೆ ಮಾಡಿ, ಅರ್ಧ ನೀರು ಬದಲಿಸಿ, 40 ಲೀಟರಿಗೆ 250 ಮಿಲಿಗ್ರಾಂ ಮೆಟ್ರೋನಿಡಜೋಲ್ ದಿನ ಬಿಟ್ಟು ದಿನ ಮೂರು ಸಲ ಹಾಕಿದರೆ, ಬೇಗ ಗುರುತಿಸಿದ ಪಕ್ಷದಲ್ಲಿ ಉಳಿಯುತ್ತದೆ. ಹೊಟ್ಟೆ ಉಬ್ಬಿ ಹುರುಪೆ ನಿಮಿರಿದ ಮೇಲೆ ಉಳಿಯುವುದು ಅಪರೂಪ.

ಎರಡು ಮೂರು ತಿಂಗಳಿಗೆ ಮರಿ ಒಂದು ಇಂಚು. ಒಂದು ಜೋಡಿ ಕಾನ್ವಿಕ್ಟ್ ವರ್ಷಕ್ಕೆ ನೂರಾರು ಮರಿ ಮಾಡುವಾಗ ಜಾಗ ಸಾಲದೆ ಕೆರೆಗೆ ಬಿಟ್ಟುಬಿಡುವ ಯೋಚನೆ ಬರುತ್ತದೆ. ದಯವಿಟ್ಟು ಭೂತನಾಳ ಕೆರೆಗಾಗಲಿ ಆಲಮಟ್ಟಿಯ ಹಿನ್ನೀರಿಗಾಗಲಿ ಒಂದು ಮರಿಯನ್ನೂ ಬಿಡಬೇಡಿ. ಸಂತೆಯಲ್ಲಿ ಜಿಲೇಬಿ ಮೀನು ಎಂದು ಮಾರುವ ತಿಲಾಪಿಯಾ ಕೂಡ ಸಿಕ್ಲಿಡ್ಡೇ, ಆಫ್ರಿಕ ಮೂಲದ ಮೀನು, 1952ರಲ್ಲಿ ಭಾರತಕ್ಕೆ ತಂದದ್ದು. ಇಂದು ಅದಿಲ್ಲದ ಕೆರೆ ಹುಡುಕಬೇಕು, ನಮ್ಮ ನಾಡಮೀನುಗಳ ತಾವನ್ನೆಲ್ಲ ಅದು ಹಿಡಿದಿದೆ. ಮರಿ ಹೆಚ್ಚಾದರೆ ಗಡಿಗೆ ತೆಗೆದುಬಿಡಿ, ಜೋಡಿಯನ್ನು ಬೇರೆ ಮಾಡಿ.

ಮರಿಗಳನ್ನು ಅಂಗಡಿಗೋ ಇನ್ನೊಬ್ಬ ಸಾಕುವವರಿಗೋ ಕಳಿಸುವಾಗ ಹಿಂದಿನ ದಿನದಿಂದ ಆಹಾರ ನಿಲ್ಲಿಸಿ, ಚೀಲದ ನೀರು ಕೆಡುವುದಿಲ್ಲ. ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ಒಂದು ಲೀಟರ್ ನೀರಿಗೆ ಇಂಚಿನ ಮರಿ ಎಂಟು ಹತ್ತು ಸಾಕು. ಥರ್ಮಕೋಲ್ ಪೆಟ್ಟಿಗೆಯಲ್ಲಿಟ್ಟು, ಬೇಸಿಗೆಯಲ್ಲಾದರೆ ನಸುಕಿನ ಬಸ್ಸಿಗೆ ಕಳಿಸಿ. ತೆಗೆದುಕೊಳ್ಳುವವರಿಗೆ ನಿಮ್ಮ ನೀರಿನ ಪಿಎಚ್, ಜಿಎಚ್, ಟಿಡಿಎಸ್ ಮೂರನ್ನೂ ಚೀಟಿಯಲ್ಲಿ ಬರೆದು ಚೀಲಕ್ಕೆ ಅಂಟಿಸಿ. ಬೆಳಗಾವಿಯಂಥ ಮಳೆಯೂರಿನ ಮೆದು ನೀರಿಗೆ ಹೋಗುವ ಮರಿಯಾದರೆ, ಚೀಲದ ನೀರಿಗೆ ಅಲ್ಲಿನ ನೀರನ್ನು ಹತ್ತು ನಿಮಿಷಕ್ಕೊಂದು ಲೋಟದಂತೆ ಒಂದು ಗಂಟೆ ಬೆರೆಸಿ ಆಮೇಲೆ ಬಿಡಲು ಹೇಳಿ.